ಎಡಗಡೆಯ ಮುಂದಿನ ಚಕ್ರ

ಎಲ್ಲ ರಾದ್ಧಾಂತಕ್ಕೂ ಕಾರಣ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಒಂದು ಬೇರಿಂಗು.

ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ದಾಸಯ್ಯನ ಹಳೆಯ ಫಿಯೆಟ್ ಕಾರು ಆ ತೊಂಬತ್ತಮೂರನೇ ಇಸವಿಯ ಬೇಸಿಗೆಯಿಂದಲೂ ಗೊರಗೊರ ಅನ್ನುತ್ತಿತ್ತು. ಎಡಗಡೆಯ ಮುಂದಿನ ಚಕ್ರದ ಬೇರಿಂಗು ಸವೆದಿದೆ, ಬದಲಾಯಿಸಿ ಎಂದು ಮೆಕ್ಯಾನಿಕ್ಕು ಹೇಳಿದ್ದ. ಹೆಂಡತಿ ಯಶೋದಮ್ಮನೂ ಹೇಳಿದ್ದಳು. "ಓಡ್ತಾ ಅದಲ್ಲ, ಓಡ್ಲಿ ಬುಡು" ಅಂದಿದ್ದ ದಾಸಯ್ಯ.

ಆಷಾಢದಲ್ಲಿ ಕಿಕ್ಕೇರಿಯಿಂದ ಯಶೋದಮ್ಮನ ತಂದೆಗೆ ಕಾಯಿಲೆ ಜೋರಾಗಿದೆ ಎಂಬ ಸುದ್ದಿ ಬಂತು. ಬಸ್ಸಿಗೆ ಹೋಗೋಣ ಎಂದಳು ಅವಳು. ಬೇಗ ಮುಟ್ಟಬಹುದೆಂದು ದಾಸಯ್ಯ ಕಾರು ತೆಗೆದ. ಕೆ.ಆರ್. ಪೇಟೆ ದಾಟಿದ್ದೇ ತಡ, ಚಕ್ರ ರೊಟ್ಟಿ ಹೆಂಚಿನ ಹಾಗೆ ಕಾದು, ಹೊಗೆಯಾಡಿ, ಕಚ್ಚಿಕೊಂಡು ನಿಂತಿತು. ಬೇಡವೆಂದು ಬಿಟ್ಟಿದ್ದ ಬಸ್ಸು ಹಾರನ್ ಹೊಡೆದುಕೊಂಡು ಪಕ್ಕದಲ್ಲೇ ಹೋಯಿತು. ಇಬ್ಬರೂ ಕಬ್ಬಿನ ಗಾಡಿ ಹತ್ತಿ ಊರು ಸೇರಿದಾಗ ಮಾವ ತೀರಿಹೋಗಿದ್ದರು. ಕೊನೆಯ ಗಳಿಗೆಯವರೆಗೂ "ಯಶೋದ ಬಂದ್ಲಾ?" ಎಂದು ಕೇಳುತ್ತಿದ್ದರಂತೆ.

ತಿಥಿ ಮುಗಿದರೂ ಯಶೋದಮ್ಮ ಗಂಡನ ಜೊತೆ ಹೊರಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ದಾಸಯ್ಯ ಹೇಗೋ ತಡೆದುಕೊಳ್ಳುತ್ತಿದ್ದ.

ಶ್ರಾವಣದ ಒಂದು ಭಾನುವಾರ ಅವನು ನಿರ್ಧಾರ ಮಾಡಿದ. ಚಕ್ರವನ್ನು ತನ್ನ ಕೈಯಾರೆ ಸರಿಮಾಡಬೇಕು, ಅದೇ ಕಾರಿನಲ್ಲಿ ಹೋಗಿ ಅವಳನ್ನು ಕರೆತರಬೇಕು. ಕೆಟ್ಟು ನಿಂತಿದ್ದ ಕಾರನ್ನು ಲಾರಿಗೆ ಏರಿಸಿ ಮನೆಗೆ ತರಿಸಿ, ಶ್ರೀರಂಗಪಟ್ಟಣದಿಂದ ಹೊಸ ಬೇರಿಂಗು ತಂದದ್ದಾಗಿತ್ತು. ಬೆಳಿಗ್ಗೆಯೇ ಮನೆ ಮುಂದೆ ಜಾಕ್ ಕೊಟ್ಟು ಚಕ್ರ ಬಿಚ್ಚಿದ.

ಬೀದಿಯಲ್ಲಿ ಕಾರಿನ ಚಕ್ರ ಬಿಚ್ಚುವುದೂ ಒಂದೇ, ತಮಟೆ ಬಡಿಯುವುದೂ ಒಂದೇ. ಮೊದಲು ಬಂದವನು ಆಫೀಸಿನ ಚೌಡಯ್ಯ.

"ಏನ್ಲಾ ದಾಸ, ಎಂಡ್ರು ಓದ್ಮೇಲೆ ಇದ್ನ ಕಟ್ಕಂಡು ಕೂತಿದ್ದೀಯಾ?"

"ಅವಳ್ನ ಕರ್ಕಬರಕ್ಕೇ ಕಣ್ಲಾ ಇದು. ಸುಮ್ಕೆ ಕೂತ್ಕೊ."

ಚೌಡಯ್ಯ ಸುಮ್ಮನೆ ಕೂರುವ ಜಾತಿಯವನಲ್ಲ. ದಾಸಯ್ಯ ಒಳಗೆ ಹೋಗಿ ನೀರು ಕುಡಿದು ಬರುವುದರೊಳಗೆ, ಗ್ರೀಸು ತುಂಬಿಟ್ಟಿದ್ದ ಹೊಸ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು ಫಳಫಳ ಮಾಡಿಟ್ಟಿದ್ದ. "ಎಷ್ಟು ಗಲೀಜಾಗಿತ್ತು ಅಂತೀಯಾ!" ಎಂದು ಬೇರೆ ಹೇಳಿದ.

ಮತ್ತೆ ಗ್ರೀಸು ತುಂಬುವಷ್ಟರಲ್ಲಿ ಎದುರು ಮನೆಯ ಟೆಂಪೋ ಡ್ರೈವರ್ ರಹಮತುಲ್ಲಾ ಬಂದ. "ಅರೆ ದಾಸಯ್ಯ ಭಾಯ್, ನಟ್ಟು ಕಸ್‌ಕೇ ಬಿಗೀರಿ. ಇಲ್ದಿದ್ರೆ ಚಕ್ರ ನಿಮಗಿಂತ ಮುಂಚೆ ಕಿಕ್ಕೇರಿಗೆ ಓಯ್ತದೆ!"

"ಬಿಗೀಬ್ಯಾಡ, ಸಡಿಲ ಬುಡು. ಉಸಿರಾಡ್ಬೇಕು ಅದು" ಎಂದ ಚೌಡಯ್ಯ.

ದಾಸಯ್ಯ ಬಿಗಿ ಮಾಡಿದ. ಚಕ್ರ ಅಲುಗಲಿಲ್ಲ. ಸಡಿಲ ಮಾಡಿದ. ಕುಡಿದವನ ಹಾಗೆ ತೂರಾಡಿತು. ಇಬ್ಬರು ಪಂಡಿತರ ಜಗಳ ಜೋರಾಗಿ, ನಟ್ಟು ಕಳಚದಂತೆ ಹಾಕುವ ಪಿನ್ನು ಯಾರದೋ ಕಾಲಿಗೆ ಸಿಕ್ಕಿ ಮಾಯವಾಯಿತು. ಬೀದಿಯೆಲ್ಲ ಹುಡುಕಿತು. ಕೊನೆಗೆ ನೋಡಿದರೆ ಚೌಡಯ್ಯ ಅದರಿಂದ ಹಲ್ಲು ಕೆದಕಿಕೊಳ್ಳುತ್ತ ಹುಡುಕುತ್ತಿದ್ದ.

ದಾಸಯ್ಯನಿಗೆ ಕಣ್ಣಲ್ಲಿ ನೀರು ಬಂತು. ಗ್ರೀಸು ಮೆತ್ತಿದ ಕೈಯಲ್ಲಿ ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಆಮೇಲೆ ಇಬ್ಬರನ್ನೂ ಮನೆಗೆ ಅಟ್ಟಿ ಮಡ್‌ಗಾರ್ಡಿನ ಒಳಕ್ಕೆ ತಲೆ ತೂರಿಸಿದವನು ಯಾರು ಬಂದರೂ ಯಾರು ಕೂಗಿದರೂ ತಿರುಗಿ ನೋಡದೆ ಗದರುತ್ತಲೇ ಕೆಲಸ ಮಾಡಿದ.

ಮೂರೂವರೆಯ ವೇಳೆಗೆ ಚಕ್ರ ಬೆಣ್ಣೆಯ ಹಾಗೆ ತಿರುಗಿತು. ಮಿಂದು, ಇಸ್ತ್ರಿ ಅಂಗಿ ಹಾಕಿಕೊಂಡು ಅವನು ಕಾರು ಹತ್ತಿದಾಗ ಪಕ್ಕದ ಮನೆಯ ಸೋಮಮ್ಮ ಓಡಿಬಂದಳು.

"ದಾಸಣ್ಣ, ಒಂದ್ ಮಾತು ಕೇಳು..."

"ಬಂದ್ ಕೇಳ್ತೀನಿ ಸೋಮಕ್ಕ! ನಿಮ್ಮೆಲ್ಲರ ಮಾತೂ ಸಾಕಾಗೋಯ್ತು ಇವತ್ತಿಗೆ."

ದಾರಿಯುದ್ದಕ್ಕೂ ಕಾರು ಸದ್ದಿಲ್ಲದೆ ಓಡಿತು. ಕಿಕ್ಕೇರಿಯ ಮನೆ ಮುಂದೆ ನಿಲ್ಲಿಸಿ ಇಳಿದಾಗ ಯಶೋದಮ್ಮ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳ ಬಟ್ಟೆಯ ಬ್ಯಾಗು ತುಂಬಿ ಕೂತಿತ್ತು. ದಾಸಯ್ಯನ ಮುಖ ಅರಳಿತು.

"ಬರ್ತೀನಿ ಅಂತ ಗೊತ್ತಿತ್ತಾ ಯಶೋದ? ಬ್ಯಾಗು ರೆಡಿ ಮಾಡ್ಕಂಡಿದ್ದೀಯ!"

"ಅದು ಬೆಳಗ್ಗೇನೇ ಕಟ್ಟಿದ್ದು. ಇನ್ನೂ ಬಿಚ್ಚಿಲ್ಲ" ಎಂದಳು ಯಶೋದಮ್ಮ. "ಮದ್ಯಾನ ಪಾಂಡವಪುರಕ್ಕೆ ಬಂದಿದ್ದೆ."

"ಎಲ್ಲಿಗೆ?"

"ನಮ್ಮನೆಗೆ. ಅಪ್ಪ ಅಂತೂ ಓದ್ರು, ನೀವಾದ್ರೂ ಇದ್ದೀರಲ್ಲ ಅಂತ ಬಂದೆ. ಕಾರೊಳಕ್ಕೆ ತಲೆ ಇಟ್ಕಂಡಿದ್ರಿ. ಬಾಯಿ ಬರ್ನಿಲ್ಲ ನಂಗೆ. 'ದಾಸಣ್ಣ, ಯಾರು ಬಂದವ್ರೆ ನೋಡು' ಅಂತ ಸೋಮಕ್ಕನೇ ಕೂಗಿದ್ರು. 'ಯಾರಾದ್ರೂ ಆಗ್ಲಿ, ಕೆಲ್ಸ ಮುಗಿಯಗಂಟ ಯಾರ ಮಕನೂ ನೋಡಕಿಲ್ಲ, ಕಳಿಸ್ಬುಡಿ' ಅಂದ್ರಿ."

ದಾಸಯ್ಯ ಜಗುಲಿಯ ಕಂಬ ಹಿಡಿದುಕೊಂಡ.

"ನೀನು ಅಂತ ಗೊತ್ತಿರ್ನಿಲ್ಲ ಕಣೆ. ನಿಂಗೋಸ್ಕರವೇ ಮಾಡ್ತಿದ್ದೆ ಅದ್ನ."

"ಅವತ್ತೂ ನಂಗೋಸ್ಕರವೇ ಕಾರು ತಗುದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಬ್ಯಾಗಿಗೆ ಕೈ ಹಾಕಿದ. "ಅದ್ನ ಬುಡಿ" ಎಂದಳು ಮೆಲ್ಲಗೆ. ಬಿಟ್ಟ. ಅವಳು ಅವನನ್ನು ದಾಟಿ ಕಾರಿನ ಕಡೆ ನೋಡಿದಳು.

"ಕೆಲ್ಸ ಮುಗೀತಾ?"

"ಮುಗೀತು."

"ಸರಿ. ಕತ್ಲಾಗಕ್ ಮುಂಚೆ ಊರು ಸೇರ್ಕಳಿ."

ಬ್ಯಾಗು ಎತ್ತಿಕೊಂಡು ಯಶೋದಮ್ಮ ಒಳಗೆ ಹೋದಳು. ಅತ್ತೆ ಕಾಫಿ ತಂದುಕೊಟ್ಟರು. ದಾಸಯ್ಯ ನೆಂಟರ ಹಾಗೆ ಜಗುಲಿಯ ಅಂಚಿನಲ್ಲಿ ಕೂತು ಅದನ್ನು ಕುಡಿದ. ಲೋಟ ಕೆಳಗಿಟ್ಟು ಕಾರು ಹತ್ತಿ, ಅದು ತನ್ನ ಅಭ್ಯಾಸದಂತೆ ಸತಾಯಿಸಲಿ, ಆ ನೆಪದಲ್ಲಾದರೂ ಇನ್ನೊಂದು ಗಳಿಗೆ ಇಲ್ಲೇ ನಿಲ್ಲಬಹುದು ಎಂದುಕೊಳ್ಳುತ್ತ ಕೀಲಿ ತಿರುಗಿಸಿದ.

ಒಂದೇ ಸಲಕ್ಕೆ ಸ್ಟಾರ್ಟಾಯಿತು.