'ರನ್' ಪದದ ಎಂಬತ್ತೇಳು ಚೀಟಿಗಳು

ಹದಿನೆಂಟು ವರ್ಷದಿಂದ ಚೀನಾದ ಕೈಫೆಂಗಿನ ಸಾಬೂನು ಕಾರ್ಖಾನೆಯ ಬಾಯ್ಲರನ್ನು ಹದ್ದುಬಸ್ತಿನಲ್ಲಿ ಇಟ್ಟವನಿಗೆ ಮೂರಕ್ಷರದ ಒಂದು ಇಂಗ್ಲಿಷ್ ಪದ ಯಾವ ಲೆಕ್ಕ! ತಾವ್ ದೆಫಾ ನೂಡಲ್ಸ್ ಬಟ್ಟಲು ಕೆಳಗಿಟ್ಟು ಹೀಗೆಂದು ಘೋಷಿಸಿದಾಗ ಹೆಂಡತಿ ಷೂಲಾನ್ ತಲೆಯನ್ನೂ ಎತ್ತಲಿಲ್ಲ. ಈ ಘೋಷಣೆಯನ್ನು ಅವಳು ಎರಡು ಸಲ ಕೇಳಿದ್ದಳು, ಎರಡು ಸಲವೂ ಗಂಡ ಡುಮ್ಕಿ ಹೊಡೆದಿದ್ದ.

ಬಾಯ್ಲರಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಬೇಡಿ. ಇಂಗ್ಲಿಷ್ ಪರೀಕ್ಷೆ ಪಾಸಾಗದೆ ಎಂಜಿನಿಯರ್ ಹುದ್ದೆಯಿಲ್ಲ, ಆ ಹುದ್ದೆಯಿಲ್ಲದೆ ಕಾರ್ಖಾನೆಯ ಹೊಸ ಕಟ್ಟಡದಲ್ಲಿ ಎರಡು ಕೋಣೆಯ ಮನೆಯಿಲ್ಲ. ಎಂಬತ್ತೊಂದರ ಅತ್ತೆ ಆರು ವರ್ಷದಿಂದ ನಡುಮನೆಯಲ್ಲಿ ಪರದೆ ಕಟ್ಟಿಕೊಂಡು, ಕಾಲು ಚಾಚಿದರೆ ಹಿಟ್ಟಿನ ಡಬ್ಬಕ್ಕೆ ತಾಗುವ ಮಂಚದಲ್ಲಿ ಮಲಗುತ್ತಿದ್ದರು. ಅವರಿಗೊಂದು ಕೋಣೆ ಕೊಡಿಸುತ್ತೇನೆಂದು ಅಳಿಯ ಮಾತು ಕೊಟ್ಟಿದ್ದ.

ಅಡ್ಡ ನಿಂತದ್ದು 'ರನ್'. ಓಡುವುದು ಎಂದು ಕಲಿತು ಹೋದರೆ ಪ್ರಶ್ನೆಪತ್ರಿಕೆಯಲ್ಲಿ ಮೂಗು ಓಡುತ್ತಿತ್ತು, ಅಂಗಡಿ ಓಡುತ್ತಿತ್ತು, ಬಟ್ಟೆಯ ಬಣ್ಣವೂ ಓಡುತ್ತಿತ್ತು. ಹಾಳಾದ್ದು ಒಂದು ಕಡೆ ನಿಲ್ಲುವುದೇ ಇಲ್ಲವಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ನಿಘಂಟು ತೆಗೆದರೆ ಎಂಬತ್ತೇಳು ಅರ್ಥ! ಬಿಳಿ ಹಾಳೆ ಕತ್ತರಿಸಿ, ಅರ್ಥಕ್ಕೊಂದು ಚೀಟಿ ಬರೆದು, ಗಂಜಿ ಹಚ್ಚಿ ಅಂಟಿಸತೊಡಗಿದ. ನಲ್ಲಿಗೊಂದು, ಗಡಿಯಾರಕ್ಕೊಂದು, ಷೂಲಾನಳ ಬಣ್ಣ ಬಿಡುವ ಅಂಗಿಗೊಂದು. ನೆಗಡಿಯಾಗಿದ್ದ ಅತ್ತೆ ಮೂಗು ಮುಚ್ಚಿಕೊಂಡು ಪರದೆಯೊಳಗೆ ಸೇರಿದರು.

“ತಾವ್ ದೆಫಾ,” ಎಂದಳು ಷೂಲಾನ್. ಪೂರ್ತಿ ಹೆಸರು ಅವಳ ಬಾಯಿಂದ ಬರುತ್ತಿದ್ದುದು ಸಿಟ್ಟು ನೆತ್ತಿಗೇರಿದಾಗ ಮಾತ್ರ. “ಬಾಣಲೆಗೂ ಅಂಟಿಸಿದ್ದೀಯಲ್ಲ, ಇವತ್ತು ನಿನ್ನ ಚೀಟಿನೇ ಹುರಿದು ಹಾಕ್ಲಾ?”

ಪರೀಕ್ಷೆಯ ದಿನ ಬೆಳಗ್ಗೆ ಅವಳು ಪಾಳಿಗೆ ಹೋದಳು, ಅತ್ತೆ ಉದ್ಯಾನಕ್ಕೆ ಇಸ್ಪೀಟಾಡಲು ಹೋದರು. ಹನ್ನೆರಡು ಚೀಟಿ ಇನ್ನೂ ಉಳಿದಿದ್ದವು, ಒಳಗೆ ಗೋಡೆ ಉಳಿದಿರಲಿಲ್ಲ. ತಾವ್ ಅವನ್ನು ಹೊರಬಾಗಿಲಿಗೆ ಅಂಟಿಸಿ, ಬೀಗ ಹಾಕುತ್ತಲೇ ಬಾಯಿಪಾಠ ಮಾಡಿ ಹೊರಟ.

ಬಾಗಿಲಿಗೆ ಕೆಂಪು ಕಾಗದ ಹಬ್ಬಕ್ಕೆ, ಬಿಳಿ ಕಾಗದ ಸಾವಿಗೆ. ಕೈಫೆಂಗಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಇಂಗ್ಲಿಷ್ ತಲೆಗೇರಿದವನಿಗೆ ಮಾತ್ರ ಮರೆತುಹೋಗಿತ್ತು. ಎದುರುಮನೆಯ ಮುದುಕಿ ಪೆಂಗ್ ಬಾಗಿಲು ನೋಡಿದಳು, ಆ ಮನೆಯಲ್ಲಿ ಎಂಬತ್ತು ದಾಟಿದವರು ಒಬ್ಬರೇ ಎಂದುಕೊಂಡಳು, ಕಣ್ಣೊರೆಸಿಕೊಳ್ಳುತ್ತ ಕಾರ್ಖಾನೆಯ ಸಂಘಕ್ಕೆ ಸುದ್ದಿ ಮುಟ್ಟಿಸಿದಳು.

'ರನ್' ಪ್ರಶ್ನೆಗಳೆಲ್ಲ ಸರಿ ಹೊಡೆದೆ ಎಂದು ಮಧ್ಯಾಹ್ನ ಬೀಗುತ್ತ ಬಂದ ತಾವ್‌ಗೆ ಬಾಗಿಲ ಮುಂದೆ ಶ್ರದ್ಧಾಂಜಲಿಯ ಆರು ಹೂಚಕ್ರಗಳು ಕಂಡವು. ನಡುವೆ ಸ್ಟೂಲಿನ ಮೇಲೆ ಕುಳಿತ ಅತ್ತೆ, ತಮ್ಮ ಹೆಸರು ಸರಿಯಾಗಿ ಬರೆದಿದ್ದಾರೆಯೇ ಎಂದು ಒಂದೊಂದನ್ನೇ ನೋಡುತ್ತಿದ್ದರು. ಷೂಲಾನ್ ಬಾಗಿಲಿನ ಚೀಟಿಗಳನ್ನು ಒಂದೊಂದಾಗಿ ಕಿತ್ತು ಅವನ ಕೈಗಿಟ್ಟಳು. ಅದು ಪೂರ್ತಿ ಹೆಸರಿಗಿಂತ ಭಯಂಕರವಾಗಿತ್ತು.

ಸಂಘದ ಅಧ್ಯಕ್ಷ ಗೆಂಗ್ ಕೆಮ್ಮಿದರು. “ನೋಡಪ್ಪ ತಾವ್, ನೀನು ಪಾಸಾದ್ರೆ ಮನೆ ಕೊಡೋಣ ಅಂತ ಪಟ್ಟೀಲಿ ನಿನ್ನ ಹೆಸರು ಇಟ್ಟಿದ್ವಿ. ಇವತ್ತು ಹಂಚಿಕೆ ಸಭೆ ಇತ್ತು. ಹಿರಿಯರು ಹೋದ್ರಲ್ಲ, ಗಂಡ ಹೆಂಡ್ತಿಗೆ ಒಂದೇ ಕೋಣೆ ಸಾಕು ಅಂತ ಹೆಸರು ಹೊಡೆದುಹಾಕಿದ್ವಿ. ಪಟ್ಟಿಗೆ ಮುದ್ರೆನೂ ಬಿತ್ತು. ಇನ್ನು ಮುಂದಿನ ಕಟ್ಟಡ ಏಳಬೇಕು.”

ಕೊಟ್ಟ ಮಾತು ಮಣ್ಣುಪಾಲಾಯಿತೆಂದು ತಾವ್‌ಗೆ ನಿಜವಾಗಿಯೂ ಅಳು ಬಂತು. ಅತ್ತೆ ಮೂಗೊರೆಸಿಕೊಂಡು ಎದ್ದರು.

“ಪರವಾಗಿಲ್ಲ ಅಳಿಯಂದ್ರೇ. ಇವತ್ತಿಂದ ನಾನು ಮಗಳ ಜೊತೆ ಕೋಣೇಲಿ ಮಲಗ್ತೀನಿ, ನೀವು ಪರದೆ ಒಳಗೆ ಬನ್ನಿ. ಕಾಲು ಮಡಚ್ಕೊಂಡು ಮಲಗೋದು ಒಂದೈದಾರು ವರ್ಷಕ್ಕೆ ರೂಢಿ ಆಗುತ್ತೆ.”