ಶಾಸನದಲ್ಲಿ ಇಲ್ಲದ ಊಟ

ನಮ್ಮ ಚಿಗವ್ವ ಒಂಬೈನೂರು ವರ್ಷಗಳ ಹಿಂದೆ ವಾಸವಾಗಿದ್ದಾಳೆ. ಯಲಬುರ್ಗಾದ ಮನೆಗೆ ಅವಳು ಬಂದುಹೋಗುವುದು ಬಟ್ಟೆ ಒಣಹಾಕಲು ಮತ್ತು ಕಾಕಾನನ್ನು ಗದರಲು ಮಾತ್ರ.

ಶಾಲೆಯ ಕೆಲಸದಿಂದ ನಿವೃತ್ತಳಾದ ಮರುವಾರವೇ ಇಟಗಿಯ ಮಹಾದೇವ ಗುಡಿಯ ಮೇಲೆ ಕಾದಂಬರಿ ಬರೆಯಲು ಕುಳಿತಳು. ಕಟ್ಟಿಸಿದ ದಂಡನಾಯಕನ ಕಥೆಯಲ್ಲ. ಅವನ ಹೆಸರು ಶಾಸನದಲ್ಲಿದೆ. ಇವಳಿಗೆ ಬೇಕಾದದ್ದು ಕಲ್ಲು ಕೆತ್ತುವವರಿಗೆ ರೊಟ್ಟಿ ಬಡಿದವಳು, ನೀರು ಹೊತ್ತವಳು.

ನೀರು ಹೊರುವವಳಿಗೆ ಎಲ್ಲಿ ಉಸಿರು ಕಟ್ಟುತ್ತದೆ ಎಂದು ತಿಳಿಯಬೇಕಲ್ಲ? ತುಂಬಿದ ಕೊಡವನ್ನು ನನ್ನ ತಲೆಯ ಮೇಲಿಟ್ಟು ಗುಡಿಯ ಸುತ್ತ ನಡೆಸಿದಳು. ತಾನು ನೋಟ್‌ಬುಕ್ ಹಿಡಿದು ಹಿಂದೆ ಬಂದಳು. ಐದನೆಯ ಸುತ್ತಿನಲ್ಲಿ ಯಾತ್ರಿಕರೊಬ್ಬರು ನನಗೆ ಕೈಮುಗಿದು, "ಏನ್ ಹರಕಿ ಹೊತ್ತೀರಿ ಅಣ್ಣಾರ?" ಎಂದರು.

"ನಮ್ಮ ಚಿಗವ್ವನ ಕಾದಂಬರಿ ಲಗೂ ಮುಗೀಲಿ ಅಂತರಿ" ಎಂದೆ.

ಆ ಕಾಲಕ್ಕೆ ಮೆಣಸಿನಕಾಯಿ ನಮ್ಮ ನಾಡಿಗೆ ಬಂದೇ ಇರಲಿಲ್ಲವೆಂದು ಗೊತ್ತಾದ ದಿನದಿಂದ ಅಡುಗೆಮನೆಯಲ್ಲಿ ಖಾರದಪುಡಿಯ ಡಬ್ಬಿ ಮಾಯವಾಯಿತು. ತಿಂಗಳು ಕಳೆದ ಮೇಲೆ ಕಾಕಾ ತಟ್ಟೆಯ ಮುಂದೆ ಮೆಲ್ಲಗೆ ಕೇಳಿದರು. "ಇದು ಯಾವಾಗ ಮುಗಿತೈತಿ?"

"ತಡೀರಿ, ಇನ್ನೂ ಶಿಖರ ಆಗಿಲ್ಲ."

ಶಿಖರವೂ ಆಯಿತು. ಮುನ್ನುಡಿಗಾಗಿ ಹಸ್ತಪ್ರತಿಯನ್ನು ಇತಿಹಾಸದ ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ಕೊಟ್ಟಳು. ಅವರು ಮೊದಲ ಪುಟದ ಮೇಲೆ 'ಆಧಾರವಿಲ್ಲ' ಎಂದು ಬರೆದು ಹಿಂದಿರುಗಿಸಿದರು. ಚಿಗವ್ವ ಎರಡು ದಿನ ಪೆನ್ನು ಮುಟ್ಟಲಿಲ್ಲ, ಯಾರನ್ನೂ ಗದರಲಿಲ್ಲ. ಕಾಕಾ ಹೆದರಿಬಿಟ್ಟರು. ಮೂರನೆಯ ದಿನ ಎದ್ದವಳೇ ಮುನ್ನುಡಿಯಿಲ್ಲದೆ ಅಚ್ಚಿಗೆ ಕಳಿಸಿದಳು.

ಕೊಪ್ಪಳದಲ್ಲಿ ಪುಸ್ತಕ ಬಿಡುಗಡೆಯಾದಾಗ ಅದೇ ಪ್ರಾಧ್ಯಾಪಕರು ಸಭೆಯಲ್ಲಿ ಎದ್ದು ನಿಂತರು. "ಅಕ್ಕಾರ, ಇಂಥಾ ಹೆಣ್ಮಗಳು ಶಾಸನದಾಗ ಎಲ್ಲಿ ಅದಾಳ್ರಿ?"

ಚಿಗವ್ವ ಸೆರಗು ಸರಿಪಡಿಸಿಕೊಂಡಳು. "ಶಾಸನದಾಗ ಕಲ್ಲು ಕೆತ್ತಿದವರ ಊಟಾನೂ ಇಲ್ರಿ ಸರ. ಹಂಗಂತ ಉಪವಾಸ ಇದ್ದು ಗುಡಿ ಕಟ್ಯಾರೇನು?"

ಸಭೆಗೆ ಸಭೆಯೇ ನಕ್ಕು ಚಪ್ಪಾಳೆ ತಟ್ಟಿತು. ಪ್ರಾಧ್ಯಾಪಕರೂ ನಕ್ಕರು. ಆಮೇಲೆ ಸಹಿ ಹಾಕಿಸಿಕೊಳ್ಳಲು ಪುಸ್ತಕ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಅವರೇ ಮೊದಲಿಗರು.

ಸಾಲಿನ ಕೊನೆಯಲ್ಲಿ ತಳಕಲ್ಲು ಊರಿನಿಂದ ಬಂದ ಮುದುಕಿಯೊಬ್ಬಳಿದ್ದಳು. ಹರೆಯವನ್ನೆಲ್ಲ ಕಲ್ಲು ಹೊತ್ತು ಕಳೆದವಳು. ಹೊರೆಯ ಕೆಳಗೆ, ತಲೆಯ ಮೇಲೆ ಬಟ್ಟೆಯ ಸಿಂಬಿ ಹೇಗೆ ಕೂರಬೇಕೆಂದು ಚಿಗವ್ವನಿಗೆ ಹೇಳಿಕೊಟ್ಟವಳು. "ನನಗ ಓದಾಕ ಬರೂದಿಲ್ಲ ಯವ್ವಾ. ನಾ ಹೇಳಿದ್ದು ಇದರಾಗ ಎಲ್ಲೈತಿ, ತೋರ್ಸು" ಎಂದಳು.

ಚಿಗವ್ವ ಪುಟ ತೆರೆದು, ಅವಳ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟಳು. ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸುತ್ತ ಓದಿದಳು. ಓದಿ ಮುಗಿದರೂ ಮುದುಕಿ ಬೆರಳು ತೆಗೆಯಲಿಲ್ಲ. ಚಿಗವ್ವನೂ ಆ ಕೈಯನ್ನು ಬಿಡಲಿಲ್ಲ.