ತಾತನ ಟ್ಯಾಂಕು ಮತ್ತು ನಾನು ತಂದ ಹೊಸ ಯಂತ್ರ

ಹೊಸ ವಿಡಿಯೋ ಗೇಮ್ ಯಂತ್ರವು ಹಳೆಯ ಯಂತ್ರದ ಆಟಗಳನ್ನೂ ಆಡಿಸಬೇಕೋ ಬೇಡವೋ ಎಂಬುದು ಲೋಕವನ್ನು ಕಾಡುವ ಪ್ರಶ್ನೆಯಲ್ಲ. ನನ್ನನ್ನು ಮಾತ್ರ ಇವತ್ತಿಗೂ ಕಾಡುತ್ತದೆ, ಏಕೆಂದರೆ ಈ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿದ್ದೇನೆ. ಇತರರ ಧ್ವನಿಯಲ್ಲಿ ಮಾತಾಡುವುದು ನನಗೆ ಬರುವ ಏಕೈಕ ವಿದ್ಯೆ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ನಾನು ಅಣಕಿಸದವರಿಲ್ಲ. ನಪಾಸಾದ ದಿನ, ಅಪ್ಪ ಬೈಯುವ ಮೊದಲೇ ಅಪ್ಪನ ಧ್ವನಿಯಲ್ಲಿ ನನ್ನನ್ನು ನಾನೇ ಬೈದುಕೊಂಡು ಅವರ ಕೆಲಸ ಕಡಿಮೆ ಮಾಡಿದವನು ನಾನು.

ತಾತ ನಮ್ಮ ಬೀದಿಯ ಗುಡಿಯ ಅರ್ಚಕರು. ಲಕ್ವ ಹೊಡೆದು ಅವರ ಬಲಗೈ ಬೆರಳುಗಳು ಸೆಟೆದುಕೊಂಡವು. ಆರತಿ ತಟ್ಟೆ ಹಿಡಿಯಲಾಗದೆ ಪೂಜೆ ಚಿಕ್ಕಪ್ಪನ ಪಾಲಿಗೆ ಬಂತು. ಮಗ ಆರತಿ ಎತ್ತುವಾಗ ತಾತ ಕಂಬಕ್ಕೊರಗಿ, ಬಲಗೈಯನ್ನು ಪಂಚೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು ನೋಡುತ್ತಿದ್ದರು. ಬೆರಳುಗಳಿಗೆ ಕೆಲಸ ಕೊಡಿ ಎಂದು ಕೋಲಾರದ ಡಾಕ್ಟರು ರಬ್ಬರ್ ಚೆಂಡು ಕೊಟ್ಟರು. "ಏನ್ರಾ ಇದು, ನಾನೇನು ತೊಟ್ಟಿಲು ಮಗೂನಾ?" ಎಂದು ತಾತ ಅದನ್ನು ಎಸೆದರು. ಆದರೆ ನನ್ನ ಕ್ಯಾಸೆಟ್ ಹಾಕುವ ವಿಡಿಯೋ ಗೇಮಿನ ಟ್ಯಾಂಕ್ ಆಟಕ್ಕೆ ತಾವಾಗಿಯೇ ಬಂದು ಕೂತರು. ದೇವರ ಕೆಲಸಕ್ಕಾಗಿ ಗುಂಡು ಹಾರಿಸುವುದರಲ್ಲಿ ಅವರಿಗೆ ಯಾವ ಸಂಕೋಚವೂ ಕಾಣಲಿಲ್ಲ. ಎರಡು ತಿಂಗಳಲ್ಲಿ ಹೆಬ್ಬೆರಳು ಮಡಚಲು ಬಂತು.

ಆಗಲೇ ನನಗೆ ಸಿ.ಡಿ. ಹಾಕುವ ಹೊಸ ಯಂತ್ರದ ಹುಚ್ಚು ಹತ್ತಿತು. ಕೋಲಾರದ ಅಂಗಡಿಯೊಂದರಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ತರಬಹುದಿತ್ತು. "ತಾತನ ಆಟ ಅದ್ರಲ್ಲಿ ಓಡುತ್ತೇನೋ?" ಚಿಕ್ಕಪ್ಪ ಕೇಳಿದ್ದು ಅದೊಂದೇ. ನಾನು ಅಂಗಡಿಯವನ ಮೂಗಿನ ಧ್ವನಿಯಲ್ಲಿ, "ಓಡ್ದೆ ಏನ್ ಸಾರ್, ಹೊಸದ್ರ ಹೊಟ್ಟೇಲಿ ಹಳೇದೂ ಇರುತ್ತೆ" ಎಂದೆ. ಚಿಕ್ಕಪ್ಪ ನಕ್ಕು ಒಪ್ಪಿದರು. ಅಂಗಡಿಯವನನ್ನು ನಾನು ಆ ಪ್ರಶ್ನೆ ಕೇಳಿಯೇ ಇರಲಿಲ್ಲ.

ಯಂತ್ರ ಮನೆಗೆ ಬಂದಾಗ ತಾತ ಟ್ಯಾಂಕಿನ ಕ್ಯಾಸೆಟ್ಟನ್ನು ಒರೆಸಿಟ್ಟುಕೊಂಡು ಕಾದಿದ್ದರು. ಯಂತ್ರವನ್ನು ಸುತ್ತಲೂ ತಿರುಗಿಸಿ ನೋಡಿ, "ಇದನ್ನ ಎಲ್ಲಿ ತೂರಿಸೋದೋ?" ಎಂದರು. ತೂರಿಸಲು ಜಾಗವೇ ಇರಲಿಲ್ಲ. ನಾನು ಗಡಿಬಿಡಿಯಿಂದ ಕಾರಿನ ರೇಸ್ ಹಾಕಿದೆ. ಆ ವೇಗಕ್ಕೆ ಬೆರಳು ಕೇಳಲಿಲ್ಲ, ತಲೆಯೂ ಸುತ್ತಿತು. "ನೀನೇ ಆಡ್ಕೊಳ್ಳಪ್ಪ" ಎಂದು ಎದ್ದುಹೋದರು. ಬೈದಿದ್ದರೆ ಅಣಕಿಸಬಹುದಿತ್ತು. ಮರುದಿನ ಕೋಲಾರಕ್ಕೆ ಓಡಿದೆ. ಅಂಗಡಿಯವನು ಬಿಡಿಭಾಗಗಳಿಗಾಗಿ ನಮ್ಮ ಹಳೆಯ ಯಂತ್ರವನ್ನು ಆಗಲೇ ಬಿಚ್ಚಿ ಹರಡಿದ್ದ.

ವಾರ ಕಳೆಯಿತು. ತಾತನ ಹೆಬ್ಬೆರಳು ಮತ್ತೆ ಬಿಗಿಯತೊಡಗಿತು. ಬೇರೆ ದಾರಿ ಕಾಣದೆ ನಾನು ಹೊಸ ಯಂತ್ರದ ಗುಂಡಿಗಳ ರಿಮೋಟನ್ನು ಯಾವುದಕ್ಕೂ ಜೋಡಿಸದೆ ಅವರ ಕೈಗಿಟ್ಟೆ. ಆಫ್ ಮಾಡಿದ್ದ ಟಿ.ವಿ.ಯ ಮುಂದೆ ಕೂತು, ಬಾಯಲ್ಲೇ ಟ್ಯಾಂಕು ಓಡಿಸಿದೆ. "ಡರ್ರ್ರ್... ತಾತಾ, ಎಡಗಡೆ ಬಂದ, ಹೊಡೀರಿ!" ತಾತ ನನ್ನನ್ನೂ ಟಿ.ವಿ.ಯನ್ನೂ ನೋಡಿ ಗುಂಡಿ ಒತ್ತಿದರು. ನಾನು ಢಮಾರ್ ಎಂದೆ.

"ಇಟ್ಟಿಗೆ ಗೋಡೆಗೆ ಹೊಡೆದ್ರೆ ಢಮಾರ್ ಅನ್ನಲ್ಲ ಕಣೋ, ಪುಸ್ ಅನ್ನುತ್ತೆ. ಸರಿಯಾಗಿ ಮಾಡು."

ಅಂದಿನಿಂದ ದಿನವೂ ಒಂದು ಗಂಟೆ ಯುದ್ಧ. ಮಾಲೂರಿನಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು ನೋಡಿ, "ತಾತನ್ನ ತೋರಿಸಿದ್ರಿ ಸರಿ, ಇವನ್ನ ಯಾವ ಡಾಕ್ಟ್ರಿಗೆ ತೋರಿಸ್ತಿದ್ದೀರಾ?" ಎಂದು ಅಮ್ಮನನ್ನು ಕೇಳಿದರು.

ಕೆಲವು ತಿಂಗಳ ನಂತರ ಒಂದು ಶುಕ್ರವಾರ ತಾತ ಬಲಗೈಯಲ್ಲಿ ಆರತಿ ತಟ್ಟೆ ಎತ್ತಿದರು. ದೀಪ ನಡುಗಿತು, ತಟ್ಟೆ ಬೀಳಲಿಲ್ಲ. ಚಿಕ್ಕಪ್ಪ ಗಂಟೆ ಬಾರಿಸುವುದನ್ನು ಮರೆತು ನಿಂತರು. ಮನೆಗೆ ಬಂದ ಮೇಲೆ, ಹಳೆಯದನ್ನು ಕಳೆದದ್ದು ನನ್ನ ಸುಳ್ಳೇ ಎಂದು ತಾತನಿಗೆ ಹೇಳಿದೆ. ಸ್ವಂತ ಧ್ವನಿಯಲ್ಲಿ ಹೇಳುವುದು ಕಷ್ಟವಾಯಿತು.

"ಗೊತ್ತು ಬಿಡೋ," ಎಂದರು. "ಇವತ್ತು ಆ ಕಾರು ಹಾಕು. ಬೆರಳು ಈಗ ಮಾತು ಕೇಳುತ್ತೆ."

ಕಾರು ಹಾಕಿದೆ. ಪಕ್ಕದಲ್ಲಿ ಕೂತು ಅಭ್ಯಾಸಬಲದಿಂದ ಡರ್ರ್ ಎಂದೆ. "ಸದ್ದು ಅದೇ ಮಾಡುತ್ತೆ, ನೀನು ಸುಮ್ನಿರು" ಎಂದರು ತಾತ, ನನ್ನತ್ತ ತಿರುಗದೆ. ಹೊಸ ಯಂತ್ರದೊಳಗೆ ನನ್ನಂಥ ಹಳೆಯದಕ್ಕೂ ಒಂದಿಷ್ಟು ಜಾಗ ಇರಲೇಬೇಕೆಂದು ನನಗೆ ಪೂರ್ತಿ ಮನವರಿಕೆಯಾದದ್ದು ಆಗಲೇ.